ಹಿಮ ಬೀಳುವ ಮುಂಚೆ ಸ್ಕೀ ತಂಡ ಏನು ಮಾಡುತ್ತದೆ?

ತುಂಗಾತೀರ · ಭಾನುವಾರ ರಾತ್ರಿ 8:40

ಎಲ್ಲರಿಗೂ ನಮಸ್ಕಾರ. ಹೋದ ವಾರ ಬಾಸ್ಟನ್ ಹತ್ತಿರದ ನಮ್ಮ ಮನೆಗೆ ಹೋಗಿದ್ದೆ. ಅಮ್ಮನ ಸ್ನೇಹಿತೆಯೊಬ್ಬರು ಕೇಳಿದರು: "ಸ್ಕೀ ಟೀಮಲ್ಲಿದ್ದೀನಿ ಅಂತೀಯ. ಇನ್ನೂ ಒಂದು ಹನಿ ಹಿಮ ಬಿದ್ದಿಲ್ಲ. ದಿನಾ ಎರಡು ಗಂಟೆ ಏನು ಮಾಡ್ತೀರ?" ನಾನು ಏನೋ ಎರಡು ಮಾತು ಹೇಳಿ ಮುಗಿಸಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಬೇಜಾರಾಯಿತು. ಒಳ್ಳೆಯ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲಿಲ್ಲ ಅನಿಸಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯಲ್ಲಿ ಹುಟ್ಟಿದವಳು. ಒಂಬತ್ತು ವರ್ಷದವಳಿದ್ದಾಗ ಇಲ್ಲಿಗೆ ಬಂದೆವು. ಹೈಸ್ಕೂಲಿನಲ್ಲಿ ಓಡುತ್ತಿದ್ದೆ. ಮೊದಲ ಸಲ ಸ್ಕೀ ಕಟ್ಟಿಕೊಂಡದ್ದು ಹನ್ನೊಂದನೇ ಕ್ಲಾಸಿನಲ್ಲಿ. ಈಗ ವರ್ಮಾಂಟ್‌ನ ಒಂದು ಕಾಲೇಜಿನಲ್ಲಿ ಎರಡನೇ ವರ್ಷ, ನಾರ್ಡಿಕ್ ತಂಡದಲ್ಲಿದ್ದೇನೆ. ನಾರ್ಡಿಕ್ ಅಂದರೆ ಲಿಫ್ಟ್‌ನಲ್ಲಿ ಮೇಲೆ ಹೋಗಿ ಜಾರಿ ಇಳಿಯುವ ಸ್ಕೀ ಅಲ್ಲ. ಕಾಡಿನ ದಾರಿಯಲ್ಲಿ ಸ್ವಂತ ಕಾಲು, ಸ್ವಂತ ತೋಳಿನ ಬಲದಿಂದ ಏರುತ್ತಾ ಇಳಿಯುತ್ತಾ ಹೋಗುವುದು. ಲಿಫ್ಟ್‌ನಿಂದ ಇಳಿಯುವುದು ಆಲ್ಪೈನ್. ಅಮೆರಿಕದ ಕಾಲೇಜು ಸ್ಕೀಯಲ್ಲಿ ಎರಡೂ ಸೇರಿ ಒಂದೇ ತಂಡ, ಹುಡುಗರು ಹುಡುಗಿಯರ ಅಂಕಗಳೂ ಒಂದೇ ಲೆಕ್ಕಕ್ಕೆ. ಮಾರ್ಚ್‌ನಲ್ಲಿ ನಡೆಯುವ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಘ) ಚಾಂಪಿಯನ್‌ಶಿಪ್‌ಗೆ ಒಂದು ಕಾಲೇಜಿನಿಂದ ಹೆಚ್ಚೆಂದರೆ 12 ಜನ ಹೋಗಬಹುದು. ಅಲ್ಲಿಗೆ ಹೋಗುವ ಮುಂಚೆ ಜನವರಿ, ಫೆಬ್ರವರಿ ವಾರಾಂತ್ಯಗಳಲ್ಲಿ ರೇಸ್‌ಗಳು. ನಮ್ಮ ಕಡೆ ಅವನ್ನು ಕಾರ್ನಿವಲ್ ಅಂತಾರೆ. ಡಾರ್ಟ್‌ಮತ್ ಕಾಲೇಜಿನ ಔಟಿಂಗ್ ಕ್ಲಬ್ 1909ರಲ್ಲಿ ಹುಟ್ಟಿತು, ಅಲ್ಲಿನ ಚಳಿಗಾಲದ ಕಾರ್ನಿವಲ್ 1911ರಿಂದ ಇದೆ. ಹೆಸರು ಆಗಿನದೇ.

ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಮ್ಮ ವಾರ ಹೀಗಿರುತ್ತದೆ. ಎರಡು ಮೂರು ದಿನ ರೋಲರ್ ಸ್ಕೀ. ಎರಡಡಿ ಉದ್ದದ ಪಟ್ಟಿ, ತುದಿಗಳಲ್ಲಿ ಚಕ್ರ, ನಮ್ಮ ಸ್ಕೀ ಬೂಟನ್ನೇ ಅದಕ್ಕೆ ಸಿಕ್ಕಿಸಿ ಟಾರು ರಸ್ತೆಯಲ್ಲಿ ಹೋಗುವುದು. ಕೋಲಿನ ತುದಿಗೆ ಗಟ್ಟಿ ಲೋಹದ ಮೊನೆ ಇರುತ್ತದೆ, ಅದನ್ನು ಆಗಾಗ ಅರದಿಂದ ಉಜ್ಜಿ ಚೂಪು ಮಾಡಬೇಕು, ಇಲ್ಲದಿದ್ದರೆ ರಸ್ತೆಯಲ್ಲಿ ಜಾರುತ್ತದೆ. ಇನ್ನೊಂದು ದಿನ ಗುಡ್ಡದ ಏರಿನಲ್ಲಿ ಕೋಲು ಹಿಡಿದು ಜಿಂಕೆಯ ಹಾಗೆ ನೆಗೆಯುತ್ತಾ ಹತ್ತುವುದು. ನಾಲ್ಕು ನಿಮಿಷ ಏರು, ನಿಧಾನವಾಗಿ ಇಳಿ, ಮತ್ತೆ ಏರು. ಎರಡು ದಿನ ಜಿಮ್. ಭಾನುವಾರ ಕಾಡಿನಲ್ಲಿ ಎರಡೂವರೆ, ಮೂರು ಗಂಟೆ ಓಟ.

ಹೊರಗಿನವರಿಗೆ ಗೊತ್ತಾಗದ ಒಂದು ವಿಷಯ ಇದೆ. ಈ ತರಬೇತಿಯಲ್ಲಿ ಬಹುಪಾಲು ತುಂಬಾ ನಿಧಾನ. ಹೃದಯದ ಬಡಿತ ಒಂದು ಮಿತಿ ದಾಟಬಾರದು. ಏರು ಬಂದರೆ ಓಡುವುದನ್ನು ಬಿಟ್ಟು ನಡೆಯಬೇಕು. ಕೋಚ್ ಕೊಡುವ ಅಳತೆ ಒಂದೇ: ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಉಸಿರು ಸಿಗದೆ ಮಾತು ತುಂಡಾದರೆ ನೀನು ಜಾಸ್ತಿ ಜೋರಾಗಿದ್ದೀಯ.

ಮೊದಲ ವರ್ಷ ನನಗೆ ಇದು ಆಗಲೇ ಇಲ್ಲ. ಉಳಿದವರು ಹರಟುತ್ತಾ ಗುಡ್ಡ ಹತ್ತುತ್ತಿದ್ದರು. ನಾನು ಅವರ ಹಿಂದೆ ಏದುಸಿರು ಬಿಡುತ್ತಾ ಇರುತ್ತಿದ್ದೆ. ಅವರಿಗೆ ನಿಧಾನವಾದದ್ದು ನನಗೆ ಜೋರು. ಕಾಲು ನೋಯುವುದು ಇರಲಿ, ಮಾತಿಗೆ ಸೇರಿಕೊಳ್ಳಲು ಆಗುತ್ತಿರಲಿಲ್ಲ ನೋಡಿ, ಅದು ದೊಡ್ಡ ನೋವು. ಆರು ವಾರ ತಂಡದಲ್ಲಿದ್ದೂ ಯಾರ ಊರು ಯಾವುದು ಅಂತ ನನಗೆ ಗೊತ್ತಿರಲಿಲ್ಲ.

ಈ ವರ್ಷ ಅಕ್ಟೋಬರ್ ಎರಡನೇ ಭಾನುವಾರ ಅದೇ ಗುಡ್ಡ, ಅದೇ ದಾರಿ. ಮಳೆ ಹನಿಯುತ್ತಿತ್ತು. ಯಾರೋ "ಇದು ಎಂಥ ಮಳೆ" ಅಂದರು. ನಾನು ಆಗುಂಬೆಯ ಮಳೆಯ ಬಗ್ಗೆ ಹೇಳಲು ಶುರು ಮಾಡಿದೆ. ಜೂನ್‌ನಲ್ಲಿ ಕಂಬಳಿಕೊಪ್ಪೆ ಹೊದ್ದು ಗದ್ದೆಗೆ ಹೋಗುವುದು, ಒಲೆಯ ಮೇಲೆ ಬಟ್ಟೆ ಒಣಗಿಸುವುದು, ಹಲಸಿನ ಹಪ್ಪಳ, ಎಲ್ಲ. ಹೇಳಿ ಮುಗಿಸಿದಾಗ ನಾವು ಗುಡ್ಡದ ತುದಿಯಲ್ಲಿದ್ದೆವು. ನನ್ನ ಮಾತು ಒಂದು ಸಲವೂ ತುಂಡಾಗಿರಲಿಲ್ಲ.

ಆ ದಿನ ನಾನು ತಂಡಕ್ಕೆ ಸೇರಿದೆ ಅಂತ ನನ್ನ ಲೆಕ್ಕ. ಪಟ್ಟಿಯಲ್ಲಿ ಹೆಸರು ಬಂದು ಒಂದು ವರ್ಷವಾಗಿತ್ತು, ಅದು ಬೇರೆ.

ಏನಾದರೂ ಕೇಳುವುದಿದ್ದರೆ ಕೇಳಿ. ಗೊತ್ತಿರುವಷ್ಟು ಹೇಳುತ್ತೇನೆ.

ಹಾಸನದಮ್ಮ · ಭಾನುವಾರ ರಾತ್ರಿ 10:15

ಓದಿ ತುಂಬಾ ಸಂತೋಷ ಆಯ್ತಮ್ಮ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನನ್ನ ಮಗ ಹನ್ನೊಂದನೇ ಕ್ಲಾಸು, ಅವನಿಗೂ ಇದೇ ಹುಚ್ಚು ಹತ್ತಿದೆ. ಅದಕ್ಕೇ ನೇರವಾಗಿ ಕೇಳುತ್ತೇನೆ, ತಪ್ಪು ತಿಳಿಯಬೇಡ.

ದಿನಾ ಎರಡು ಗಂಟೆ, ವಾರಾಂತ್ಯ ಮೂರು ಗಂಟೆ ಅಂದರೆ ಓದು ಯಾವಾಗ? ಚಕ್ರದ ಮೇಲೆ ಕಾರು ಓಡಾಡುವ ರಸ್ತೆಯಲ್ಲಿ ಹೋಗುತ್ತೀರಲ್ಲ, ಬಿದ್ದರೆ? ನಾವು ಸಸ್ಯಾಹಾರಿಗಳು, ಅಲ್ಲಿ ಊಟಕ್ಕೆ ಏನು ಮಾಡುತ್ತೀಯ? ನಿನ್ನ ಅಮ್ಮನೂ ಇದನ್ನೆಲ್ಲ ಕೇಳಿರುತ್ತಾರೆ.

ತುಂಗಾತೀರ · ಸೋಮವಾರ ಬೆಳಿಗ್ಗೆ 6:50

ಆಂಟಿ, ತಪ್ಪು ಏನು ಬಂತು. ನಮ್ಮಮ್ಮ ಇವತ್ತಿಗೂ ಪ್ರತಿ ಫೋನಿನಲ್ಲೂ ಇದನ್ನೇ ಕೇಳುತ್ತಾರೆ.

ಓದು: ಮಧ್ಯಾಹ್ನ ಮೂರೂವರೆಯಿಂದ ಐದೂವರೆ ಪ್ರಾಕ್ಟೀಸ್. ಅದಕ್ಕೆ ಮುಂಚೆ ಕ್ಲಾಸ್ ಮುಗಿಯುವ ಹಾಗೆ ಆರಿಸಿಕೊಳ್ಳುತ್ತೇವೆ. ಲ್ಯಾಬ್ ಇರುವ ದಿನ ಬೆಳಿಗ್ಗೆ ಒಬ್ಬಳೇ ಹೋಗುತ್ತೇನೆ, ಇವತ್ತಿನ ಹಾಗೆ. ಡಿವಿಷನ್ ಒಂದರ, ಅಂದರೆ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯ ಕಾಲೇಜುಗಳಲ್ಲಿ ಸೀಸನ್ ಸಮಯದಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕಡ್ಡಾಯ ತರಬೇತಿ ಇಡುವಂತಿಲ್ಲ, ವಾರಕ್ಕೊಂದು ದಿನ ರಜೆ ಕೊಡಲೇಬೇಕು ಅಂತ ಎನ್‌ಸಿಎಎ ನಿಯಮವೇ ಇದೆ. ನನ್ನ ಡೈರಿ ಪ್ರಕಾರ ಅಕ್ಟೋಬರ್‌ನಲ್ಲಿ ವಾರಕ್ಕೆ 12ರಿಂದ 14 ಗಂಟೆ ಆಗಿದೆ. ನಿಜ ಹೇಳಬೇಕೆಂದರೆ ಕಷ್ಟ ಆಗುವುದು ಸಮಯದಿಂದ ಅಲ್ಲ, ನಿದ್ದೆಯಿಂದ. ಊಟವಾದ ಮೇಲೆ ಕಣ್ಣು ತೂಗುತ್ತದೆ. ಅದಕ್ಕೇ ಕ್ಯಾಪ್ಟನ್‌ಗಳು ವಾರದಲ್ಲಿ ಎರಡು ರಾತ್ರಿ ಎಲ್ಲರನ್ನೂ ಲೈಬ್ರರಿಯ ಒಂದೇ ಮೇಜಿನಲ್ಲಿ ಕೂರಿಸುತ್ತಾರೆ. ಹೋದ ಸೆಮಿಸ್ಟರ್ ಕೆಮಿಸ್ಟ್ರಿಯಲ್ಲಿ ನಾನು ಪಾಸಾದದ್ದು ಆ ಮೇಜಿನಿಂದ.

ಬೀಳುವುದು: ಹೌದು, ಬಿದ್ದಿದ್ದೇನೆ. ಮುಚ್ಚಿಡುವುದಿಲ್ಲ. ರೋಲರ್ ಸ್ಕೀಗೆ ಸಾಮಾನ್ಯವಾಗಿ ಬ್ರೇಕ್ ಇರುವುದಿಲ್ಲ. ಹೋದ ವರ್ಷ ಅಕ್ಟೋಬರ್ ಕೊನೆಯಲ್ಲಿ ಒಂದು ಇಳಿಜಾರಿನಲ್ಲಿ ಒದ್ದೆಯಾದ ಮೇಪಲ್ ಎಲೆಗಳ ಮೇಲೆ ಚಕ್ರ ಜಾರಿತು. ಬಲಗೈ ಮಣಿಕಟ್ಟು ಉಳುಕಿ ಮೂರು ವಾರ ಕೋಲು ಹಿಡಿಯಲು ಆಗಲಿಲ್ಲ. ಆ ಇಳಿಜಾರಿಗೆ ಹೋಗಬಾರದು ಅಂತ ಮೊದಲೇ ಹೇಳಿದ್ದರು, ಹೋದದ್ದು ನಾನು. ಈಗ ನಮ್ಮ ಪದ್ಧತಿ ಗಟ್ಟಿಯಾಗಿದೆ. ಹೆಲ್ಮೆಟ್, ಹೊಳೆಯುವ ಅಂಗಿ ಇಲ್ಲದೆ ವ್ಯಾನ್ ಇಳಿಯುವ ಹಾಗಿಲ್ಲ. ಏರಿಗೆ ಮಾತ್ರ ಸ್ಕೀ, ಕಡಿದಾದ ಇಳಿಜಾರು ಬಂದರೆ ವ್ಯಾನ್ ಹತ್ತಿ ಇಳಿಯುತ್ತೇವೆ. ಎಲೆ ಉದುರಿದ ಮೇಲೆ ಮಳೆ ಬಂದ ದಿನ ರೋಲರ್ ಸ್ಕೀ ಇಲ್ಲವೇ ಇಲ್ಲ, ಓಟ. ನವೆಂಬರ್‌ನಲ್ಲಿ ಜಿಂಕೆ ಬೇಟೆಯ ಕಾಲ. ಆಗ ಕಾಡಿಗೆ ಹೋಗುವಾಗ ಎಲ್ಲರೂ ಕಿತ್ತಳೆ ಬಣ್ಣದ ಅಂಗಿ ಹಾಕಲೇಬೇಕು. ಅದೇ ತಿಂಗಳ ಮಧ್ಯಕ್ಕೆ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತದೆ, ತಲೆಗೆ ಲೈಟ್ ಕಟ್ಟಿಕೊಳ್ಳುತ್ತೇವೆ.

ನಿಮ್ಮ ಮಗ ಶುರು ಮಾಡುವುದಾದರೆ ಮೊದಲು ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ವಾರ. ರಸ್ತೆಗೆ ಆಮೇಲೆ.

ಊಟದ ವಿಷಯ ರಾತ್ರಿ ಬರೆಯುತ್ತೇನೆ, ಕ್ಲಾಸಿಗೆ ಹೊತ್ತಾಯಿತು.

ಮಿನ್ನೆಸೋಟ ಮಂಡ್ಯ · ಸೋಮವಾರ ಮಧ್ಯಾಹ್ನ 12:30

ನನ್ನ ಇಬ್ಬರು ಮಕ್ಕಳೂ ಇಲ್ಲಿ ಹೈಸ್ಕೂಲ್ ನಾರ್ಡಿಕ್ ತಂಡದಲ್ಲಿದ್ದವರು. ನಮ್ಮ ರಾಜ್ಯದಲ್ಲಿ ಈ ಆಟಕ್ಕೆ ದೊಡ್ಡ ಬೇರು ಇದೆ. ಜೆಸ್ಸಿ ಡಿಗ್ಗಿನ್ಸ್ ಇಲ್ಲಿನ ಆಫ್ಟನ್ ಊರಿನವರು. 2018ರಲ್ಲಿ ಪ್ಯೋಂಗ್‌ಚಾಂಗ್‌ನಲ್ಲಿ ಅವರೂ ಕಿಕ್ಕನ್ ರಾಂಡಲ್ ಅವರೂ ಸೇರಿ ಟೀಮ್ ಸ್ಪ್ರಿಂಟ್ ಗೆದ್ದರಲ್ಲ, ಕ್ರಾಸ್ ಕಂಟ್ರಿ ಸ್ಕೀಯಲ್ಲಿ, ಅಂದರೆ ಇದೇ ನಾರ್ಡಿಕ್ ಸ್ಕೀಯಲ್ಲಿ, ಅಮೆರಿಕಕ್ಕೆ ಅದೇ ಮೊದಲ ಒಲಿಂಪಿಕ್ ಚಿನ್ನ. ಅದಕ್ಕೆ ಮುಂಚೆ ಇದ್ದದ್ದು ಒಂದೇ ಪದಕ, 1976ರಲ್ಲಿ ಬಿಲ್ ಕೋಕ್ ಗೆದ್ದ ಬೆಳ್ಳಿ. ಅವರು ನಿಮ್ಮ ವರ್ಮಾಂಟ್‌ನವರೇ.

ಹಿಮದ ವಿಷಯಕ್ಕೆ ಬರುತ್ತೇನೆ, ಅದು ನನ್ನನ್ನು ಕಾಡುವ ವಿಷಯ. 2024ರ ಫೆಬ್ರವರಿಯಲ್ಲಿ ಮಿನ್ನಿಯಾಪೊಲಿಸ್‌ನಲ್ಲಿ ವಿಶ್ವಕಪ್ ನಡೆಯಿತು, ನಾವೆಲ್ಲ ಹೋಗಿದ್ದೆವು. ಆ ಚಳಿಗಾಲ ಎಷ್ಟು ಬೆಚ್ಚಗಿತ್ತೆಂದರೆ ಟ್ರ್ಯಾಕ್ ಮಾತ್ರ ಬಿಳಿ, ಸುತ್ತ ಕಂದು ಹುಲ್ಲು. ಅದೇ ತಿಂಗಳು ಪಕ್ಕದ ವಿಸ್ಕಾನ್ಸಿನ್‌ನ ಬರ್ಕಿ ರೇಸ್‌ಗೂ ಹಿಮ ಸಾಲಲಿಲ್ಲ. 1973ರಿಂದ ನಡೆಯುತ್ತಿರುವ ರೇಸ್ ಅದು. ಊರಿಂದೂರಿಗೆ ಹೋಗುವ ದಾರಿ ಬಿಟ್ಟು, ಯಂತ್ರದಲ್ಲಿ ಮಾಡಿದ ಹಿಮದ 10 ಕಿಲೋಮೀಟರ್ ಸುತ್ತಿನಲ್ಲೇ ಎಲ್ಲರನ್ನೂ ಸುತ್ತಿಸಿದರು. ನನ್ನ ದೊಡ್ಡವನು ಅದರಲ್ಲಿ ಓಡಿದ. ಮುಗಿಸಿ ಬಂದು, "ಅಪ್ಪ, ಇನ್ಮೇಲೆ ರೋಲರ್ ಸ್ಕೀಯೇ ನಿಜವಾದ ಆಟ ಆಗಿಬಿಡುತ್ತಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಮಾತು, ತಂದೆ ತಾಯಿಗಳಿಗೆ. ಈ ಆಟದಲ್ಲಿ ಮಕ್ಕಳು ಕೆಲಸ ಕಲಿಯುತ್ತಾರೆ. ಶರತ್ಕಾಲದಲ್ಲಿ ನಮ್ಮ ಹುಡುಗರು ಗರಗಸ, ಕತ್ತರಿ ಹಿಡಿದು ಸ್ಕೀ ದಾರಿಗೆ ಬಿದ್ದ ಮರ, ಬೆಳೆದ ಪೊದೆ ಕಡಿಯಲು ಹೋಗುತ್ತಿದ್ದರು. ಹಳೆಯ ಬೂಟು, ಸ್ಕೀ ತಂದು ಮಾರುವ ಸಂತೆ ನಡೆಸುತ್ತಿದ್ದರು. ಸಾಮಾನು ದುಬಾರಿ, ಅದು ನಿಜ. ಆದರೆ ಆ ಸಂತೆಯಲ್ಲಿ ಕಾಲು ಭಾಗ ಬೆಲೆಗೆ ಬೂಟು ಸಿಗುತ್ತದೆ. ಹಾಸನದ ತಾಯಿ, ಹೊಸದನ್ನು ಕೊಳ್ಳಲು ಹೋಗಬೇಡಿ.

ಜಯನಗರ ಓಟ · ಸೋಮವಾರ ಸಂಜೆ 7:05 (ಬೆಂಗಳೂರು)

ನಾನು ಸ್ಕೀ ನೋಡಿದ್ದು ಟಿವಿಯಲ್ಲಿ ಮಾತ್ರ. ಆದರೆ ಆ ನಿಧಾನದ ಮಾತು ನೇರ ನನಗೇ ಬಂದು ತಟ್ಟಿತು. ಎರಡು ವರ್ಷದಿಂದ ಹಾಫ್ ಮ್ಯಾರಥಾನ್ ಓಡುತ್ತಿದ್ದೇನೆ. ದಿನಾ ಲಾಲ್‌ಬಾಗ್‌ನಲ್ಲಿ ಜೋರಾಗಿಯೇ ಓಡುತ್ತೇನೆ. ಸಮಯ ಮಾತ್ರ ಇಳಿಯುತ್ತಲೇ ಇಲ್ಲ. ನಿಧಾನ ಓಡಿದರೆ ಜೋರು ಹೇಗೆ ಬರುತ್ತೆ? ದಯವಿಟ್ಟು ಬಿಡಿಸಿ ಹೇಳಿ.

ತುಂಗಾತೀರ · ಸೋಮವಾರ ರಾತ್ರಿ 9:20

ನಮಗೆ ಹೇಳಿಕೊಟ್ಟಷ್ಟು ಹೇಳುತ್ತೇನೆ ಅಣ್ಣ. ನಿಧಾನವಾಗಿ ತುಂಬಾ ಹೊತ್ತು ಹೋದರೆ ಮಾಂಸಖಂಡದಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ಆಮ್ಲಜನಕ ಬಳಸಿ ಶಕ್ತಿ ಮಾಡುವ ಮೈಟೊಕಾಂಡ್ರಿಯಾ ಹೆಚ್ಚುತ್ತವೆ. ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ತಳ್ಳಲು ಕಲಿಯುತ್ತದೆ. ಇದಕ್ಕೆಲ್ಲ ಗಂಟೆಗಳು ಬೇಕು, ಜೋರು ಬೇಡ. ದಿನಾ ಜೋರಾಗಿ ಓಡಿದರೆ ಅಷ್ಟು ಗಂಟೆ ಮಾಡಲು ಮೈ ಬಿಡುವುದಿಲ್ಲ. ನಿಜವಾಗಿ ಜೋರು ಹೋಗಬೇಕಾದ ದಿನ ದಣಿವು ಉಳಿದಿರುತ್ತದೆ. ಆಗ ಎಲ್ಲ ದಿನವೂ ನಡುವಿನ ವೇಗ ಆಗಿಬಿಡುತ್ತದೆ. ನೀವು ಹೇಳುವುದು ಕೇಳಿದರೆ ನಿಮಗೆ ಆಗಿರುವುದು ಅದೇ ಅನಿಸುತ್ತದೆ.

ಹಾಗಂತ ಜೋರು ಇಲ್ಲ ಅಂತ ಅಲ್ಲ. ವಾರಕ್ಕೆ ಎರಡು ಸಲ ಇದೆ. ಆಗ ಕೋಚ್ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು, ಮೈ ಎಷ್ಟು ಜೋರಾಗಿ ದುಡಿಯುತ್ತಿದೆ ಅಂತ ತೋರಿಸುವ ಲ್ಯಾಕ್ಟೇಟ್ ನೋಡುತ್ತಾರೆ. ಹೋದ ತಿಂಗಳು ನ್ಯೂಯಾರ್ಕ್ ರಾಜ್ಯದ ವೈಟ್‌ಫೇಸ್ ಬೆಟ್ಟದ ರಸ್ತೆಯಲ್ಲಿ ರೋಲರ್ ಸ್ಕೀ ರೇಸ್ ಇತ್ತು. ಸುಮಾರು 8 ಕಿಲೋಮೀಟರ್, ಒಂದೇ ಸಮನೆ ಏರು, ಎಲ್ಲೂ ಸಮತಟ್ಟು ಸಿಗುವುದಿಲ್ಲ. ಅಲ್ಲಿ ಯಾರೂ ಮಾತಾಡಲಿಲ್ಲ.

ಆಂಟಿ, ಈಗ ಊಟ. ಕಾಲೇಜಿನ ಊಟದ ಮನೆಯಲ್ಲಿ ಬೀನ್ಸ್, ಮೊಸರು, ಮೊಟ್ಟೆ, ಅನ್ನ ಎಲ್ಲ ಸಿಗುತ್ತದೆ. ನಾನು ಮೊಟ್ಟೆ ತಿನ್ನುವುದಿಲ್ಲ. ಮನೆಯಿಂದ ರಾಗಿ ಹಿಟ್ಟು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ತಂದಿಟ್ಟುಕೊಂಡಿದ್ದೇನೆ. ಭಾನುವಾರದ ಉದ್ದ ಓಟಕ್ಕೆ ಮುಂಚೆ ಬೆಳಿಗ್ಗೆ ಏಳಕ್ಕೆ ಹಾಸ್ಟೆಲ್ ಅಡುಗೆಮನೆಯಲ್ಲಿ ಉಪ್ಪಿಟ್ಟು ಮಾಡುತ್ತೇನೆ. ಮೊದಲು ನನಗೆ ಮಾತ್ರ ಮಾಡುತ್ತಿದ್ದೆ, ಈಗ ಐದು ಜನ ಬರುತ್ತಾರೆ. ಓಟದ ನಡುವೆ ಅದು ಹೊಟ್ಟೆಯಲ್ಲಿ ಕಲಸುವುದಿಲ್ಲ, ಅಷ್ಟು ಹೊತ್ತು ಹಸಿವೂ ಆಗುವುದಿಲ್ಲ. ವ್ಯಾನ್‌ನಲ್ಲಿ ನಾಲ್ಕೈದು ಗಂಟೆ ಹೋಗುವ ದಿನ ಪುಳಿಯೋಗರೆ. ಕೆಡುವುದಿಲ್ಲ, ಬಿಸಿ ಮಾಡಬೇಕಾಗಿಲ್ಲ.

ಬೇಲೂರಿನ ಆಲ್ಪೈನ್ · ಮಂಗಳವಾರ ಬೆಳಿಗ್ಗೆ 8:10

ನಾನು ಕೊಲರಾಡೊದಲ್ಲಿ ಓದುವಾಗ ಕ್ಲಬ್ ತಂಡದಲ್ಲಿ ಆಲ್ಪೈನ್ ರೇಸ್ ಮಾಡುತ್ತಿದ್ದೆ. ಯುಎಸ್‌ಸಿಎಸ್‌ಎ ಅಂತ ಬೇರೆಯೇ ಸಂಘ ಇದೆ. ಎನ್‌ಸಿಎಎ ಮಟ್ಟಕ್ಕೆ ಹೋಗದ, ಆದರೆ ಆಟ ಬಿಡಲು ಮನಸ್ಸಿಲ್ಲದ ಕಾಲೇಜು ಮಕ್ಕಳಿಗೆ ಅದು ದೊಡ್ಡ ಆಸರೆ. ಹಾಸನದಮ್ಮ, ನಿಮ್ಮ ಮಗನಿಗೆ ಇದನ್ನೂ ಹೇಳಿ. ತಂಡಕ್ಕೆ ಸೇರಲು ಚಾಂಪಿಯನ್ ಆಗಿರಬೇಕಿಲ್ಲ.

ನಮ್ಮ ಶರತ್ಕಾಲ ನಾರ್ಡಿಕ್‌ನವರದಕ್ಕಿಂತ ಪೂರ್ತಿ ಬೇರೆ. ನಮಗೆ ಗಂಟೆಗಟ್ಟಲೆ ಓಟ ಇರಲಿಲ್ಲ. ಭಾರ ಎತ್ತುವುದು, ಪೆಟ್ಟಿಗೆ ಹತ್ತಿ ನೆಗೆಯುವುದು, ಒಂಟಿ ಕಾಲಲ್ಲಿ ಇಳಿಯುವುದು. ಸ್ಲಾಲಮ್‌ನಲ್ಲಿ, ಅಂದರೆ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ರೇಸ್‌ನಲ್ಲಿ, ಒಂದು ಸಲ ಇಳಿಯುವುದು ಸುಮಾರು ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ, ಅಷ್ಟರಲ್ಲಿ ತೊಡೆ ಉರಿಯುತ್ತದೆ. ಮಂಡಿಯೇ ಎಲ್ಲ. ಮಂಡಿಯೊಳಗಿನ ಎಸಿಎಲ್ ಅನ್ನುವ ಕಟ್ಟನ್ನು ಹರಿದುಕೊಂಡ ಗೆಳೆಯರು ನನಗೆ ಮೂವರಿದ್ದಾರೆ. ಅದಕ್ಕೇ ಅಕ್ಟೋಬರ್‌ನ ಜಿಮ್ ಅನ್ನು ಯಾರೂ ಹಗುರವಾಗಿ ತಗೊಳ್ಳಬಾರದು. ಎತ್ತರದ ಕಾಪರ್ ಮೌಂಟನ್‌ನಲ್ಲಿ ನವೆಂಬರ್‌ಗೇ ಯಂತ್ರದ ಹಿಮ ಹಾಕಿ ತಂಡಗಳಿಗೆ ಬಿಡುತ್ತಿದ್ದರು, ನಮಗೆ ಹಿಮ ಮೊದಲು ಸಿಗುತ್ತಿದ್ದದ್ದು ಅಲ್ಲೇ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಅಂಚು ಉಜ್ಜಿದ ಸ್ಕೀಗಳನ್ನು ವ್ಯಾನ್ ತುಂಬ ಪೇರಿಸಿ, ಅವುಗಳ ಮಧ್ಯೆ ನಾವು ಕೂರುತ್ತಿದ್ದೆವು.

ತುಂಗಾತೀರ, ಒಂದು ಪ್ರಶ್ನೆ. ಆಲ್ಪೈನ್‌ನವರೂ ನೀವೂ ಒಂದೇ ತಂಡ ಅಂತೀರಲ್ಲ. ಶರತ್ಕಾಲದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತೀರಾ?

ಕಾಫಿ ತೋಟ · ಮಂಗಳವಾರ ಬೆಳಿಗ್ಗೆ 9:00

ಕೊಡಗಿನವಳಾಗಿ ಒಂದು ಮಾತು ಸೇರಿಸಲೇಬೇಕು. ಭವಾನಿ ತೆಕ್ಕಡ ನಂಜುಂಡ ನಮ್ಮ ಜಿಲ್ಲೆಯವರು. ಕ್ರಾಸ್ ಕಂಟ್ರಿ ಸ್ಕೀಯಲ್ಲಿ ಭಾರತದ ಪರವಾಗಿ ಸ್ಪರ್ಧಿಸುತ್ತಾರೆ. ಗುಲ್ಮಾರ್ಗ್‌ನಲ್ಲಿ ನಡೆಯುವ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನ ತಂದವರು. ಹಿಮವೇ ಬೀಳದ ಊರಲ್ಲಿ ಹುಟ್ಟಿ ಅಷ್ಟು ದೂರ ಹೋಗಿದ್ದಾರೆ. ಹಿಮ ಇಲ್ಲದ ತಿಂಗಳಲ್ಲಿ ತಯಾರಾಗುವುದು ಅಂದರೆ ಏನು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಅವರ ಸುದ್ದಿ ಬಂದಾಗ ನಮ್ಮ ಊರಲ್ಲಿ ಎಷ್ಟು ಹೆಮ್ಮೆ ಪಟ್ಟೆವು ಅಂತ ನಿಮಗೆ ಹೇಳಬೇಕಿತ್ತು.

ಬಿಟ್ಟು ಬಂದವಳು · ಮಂಗಳವಾರ ರಾತ್ರಿ 11:50

ಇದನ್ನು ಬರೆಯಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನಾನೂ ಒಂದು ಕಾಲೇಜಿನ ನಾರ್ಡಿಕ್ ತಂಡದಲ್ಲಿದ್ದೆ. ಎರಡನೇ ವರ್ಷದ ನವೆಂಬರ್‌ನಲ್ಲಿ ಬಿಟ್ಟೆ.

ನೀವು ಬರೆದದ್ದೆಲ್ಲ ನಿಜ, ತುಂಗಾತೀರ. ಭಾನುವಾರದ ಓಟ, ಒಟ್ಟಿಗೆ ಊಟ, ಆ ಹರಟೆ, ಎಲ್ಲ ನನಗೂ ಸಿಕ್ಕಿತ್ತು. ಆದರೆ ಆ ಊಟದ ಮೇಜಿನಲ್ಲೇ ನನ್ನ ಕಷ್ಟ ಶುರುವಾಯಿತು. ಯಾರೂ ಏನೂ ಹೇಳಲಿಲ್ಲ. ಸುಮ್ನೆ ಒಬ್ಬರ ತಟ್ಟೆ ಇನ್ನೊಬ್ಬರು ನೋಡುತ್ತಿದ್ದೆವು. ಬೆಟ್ಟ ಹತ್ತುವ ಆಟ, ಹಗುರ ಇದ್ದವರು ಜೋರು ಅಂತ ಒಂದು ಮಾತು ಗಾಳಿಯಲ್ಲಿತ್ತು. ನಾನು ಅನ್ನ ಕಡಿಮೆ ಮಾಡಿದೆ. ಮೊದಲ ತಿಂಗಳು ನಿಜವಾಗಿಯೂ ವೇಗ ಹೆಚ್ಚಿತು, ಕೋಚ್ ಹೊಗಳಿದರು. ಆಮೇಲೆ ಮುಟ್ಟು ನಿಂತಿತು. ಅದು ಒಳ್ಳೆಯದೇ, ಮೈ ಹುರಿಗೊಂಡಿದೆ ಅಂದುಕೊಂಡೆ. ಮರು ವರ್ಷ ಬೇಸಿಗೆಯಲ್ಲಿ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು. ಡಾಕ್ಟರ್ ಮೂಳೆ ಪರೀಕ್ಷೆ ಮಾಡಿ ನೋಡಿದಾಗ ವಯಸ್ಸಿಗೆ ಇರಬೇಕಾದ ಗಟ್ಟಿ ಇರಲಿಲ್ಲ.

ತಂಡ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇವತ್ತಿಗೂ ನನ್ನ ಹತ್ತಿರದ ಗೆಳತಿಯರು ಅವರೇ. ಆದರೆ ತಂಡ ಅಷ್ಟು ಹತ್ತಿರ ಇದ್ದಾಗ ಒಬ್ಬಳ ಭಯ ಎಲ್ಲರಿಗೂ ಹರಡುತ್ತದೆ. ಹೊಸದಾಗಿ ಬರುವ ಹುಡುಗಿಯರಿಗೆ ಇದನ್ನು ಯಾರಾದರೂ ಮೊದಲೇ ಹೇಳಬೇಕು. ನನಗೆ ಯಾರೂ ಹೇಳಲಿಲ್ಲ.

ಹಾಸನದಮ್ಮ · ಬುಧವಾರ ಬೆಳಿಗ್ಗೆ 6:30

ಮಗಳೇ, ಓದಿ ಕಣ್ಣು ತುಂಬಿತು. ಈಗ ಹೇಗಿದ್ದೀಯ? ಅಷ್ಟು ಹೇಳು ಸಾಕು.

ಮೈಸೂರು ಆಹಾರ · ಬುಧವಾರ ಬೆಳಿಗ್ಗೆ 10:20

ನಾನು ಆಹಾರ ತಜ್ಞೆ, ಆಟಗಾರರ ಜೊತೆ ಕೆಲಸ ಮಾಡುತ್ತೇನೆ. ಮೇಲಿನವರು ಬರೆದ ತೊಂದರೆಗೆ ಹೆಸರಿದೆ. ಒಲಿಂಪಿಕ್ ಸಮಿತಿ 2014ರಲ್ಲಿ ಅದನ್ನು ರೆಡ್-ಎಸ್ ಅಂತ ಕರೆಯಿತು. ಮೈ ಖರ್ಚು ಮಾಡುವಷ್ಟು ಊಟ ಒಳಗೆ ಹೋಗದಿದ್ದರೆ ಮೈ ಒಂದೊಂದೇ ಕೆಲಸ ನಿಲ್ಲಿಸುತ್ತದೆ. ಹುಡುಗಿಯರಲ್ಲಿ ಮುಟ್ಟು ತಪ್ಪುವುದು ದೊಡ್ಡ ಸೂಚನೆ. ಅದನ್ನು ಯಾವತ್ತೂ ತರಬೇತಿಯ ಫಲ ಅಂದುಕೊಳ್ಳಬೇಡಿ. ಹುಡುಗರಿಗೂ ಇದು ಆಗುತ್ತದೆ, ಸೂಚನೆ ಕಾಣುವುದು ತಡ ಅಷ್ಟೇ. ಎರಡು ತಿಂಗಳು ಕಾಯದೆ ಡಾಕ್ಟರ ಹತ್ತಿರ ಹೋಗಿ.

ಸಸ್ಯಾಹಾರಿ ಮಕ್ಕಳಿಗೆ ಇನ್ನೊಂದು ಮಾತು. ಸೆಪ್ಟೆಂಬರ್‌ನಲ್ಲೇ ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಮಾತ್ರ ನೋಡಿದರೆ ಸಾಲದು, ಫೆರಿಟಿನ್ ಕೇಳಿ ಮಾಡಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಒಳಗಿನ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ಆಗ ಎಷ್ಟು ತರಬೇತಿ ಮಾಡಿದರೂ ಕಾಲು ಸೀಸದ ಹಾಗೆ ಭಾರ. ಬಿ12 ಕೂಡ ನೋಡಿಸಿ. ಬೇಳೆ, ಕಾಳು, ಸೊಪ್ಪು ತಿನ್ನುವಾಗ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಕಾಫಿ ಟೀ ಕುಡಿಯಬೇಡಿ, ಅದು ತಡೆಯುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಕಬ್ಬಿಣದ ಮಾತ್ರೆ ಮಾತ್ರ ಪರೀಕ್ಷೆ ಇಲ್ಲದೆ ತಗೊಳ್ಳಬಾರದು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ತುಂಗಾತೀರ ರಾಗಿ ಹಿಟ್ಟು ಇಟ್ಟುಕೊಂಡಿರುವುದು ಒಳ್ಳೆಯದು, ಮೂಳೆಗೆ ಬೇಕು.

ಬಿಟ್ಟು ಬಂದವಳು · ಬುಧವಾರ ಸಂಜೆ 5:00

ಆಂಟಿ, ಈಗ ಚೆನ್ನಾಗಿದ್ದೇನೆ. ಎಲ್ಲ ಸರಿಯಾಗಿದೆ, ಮೂಳೆಯೂ. ಹೋದ ಚಳಿಗಾಲ ಮತ್ತೆ ಸ್ಕೀ ಕಟ್ಟಿದೆ, ಗಡಿಯಾರ ಇಲ್ಲದೆ. ಕೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ತುಂಗಾತೀರ · ಗುರುವಾರ ರಾತ್ರಿ 10:30

ಅಕ್ಕ, ನಿಮ್ಮ ಬರಹ ಓದಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಬರೆದ ಮೊದಲ ಬರಹದಲ್ಲಿ ಒಂದು ಅರ್ಧ ಬಿಟ್ಟುಹೋಗಿತ್ತು. ಅದನ್ನು ನೀವು ಬರೆದಿರಿ.

ಇವತ್ತು ನಮ್ಮ ಇಬ್ಬರು ಕ್ಯಾಪ್ಟನ್‌ಗಳ ಜೊತೆ ಕೂತು, ನಿಮ್ಮ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ನೀವು ಯಾರು ಅಂತ ನನಗೂ ಗೊತ್ತಿಲ್ಲವಲ್ಲ, ಹಾಗಾಗಿ ಹೆಸರಿನ ಭಯ ಬೇಡ. ಒಬ್ಬಳು ಸುಮಾರು ಹೊತ್ತು ಸುಮ್ಮನಿದ್ದು, "ನನಗೂ ಒಂದನೇ ವರ್ಷ ಹೀಗೇ ಆಗಿತ್ತು" ಅಂದಳು. ಒಂದು ವರ್ಷದಿಂದ ಅವಳ ಪಕ್ಕದಲ್ಲಿ ಓಡುತ್ತಿದ್ದೇನೆ, ನನಗೆ ಗೊತ್ತಿರಲಿಲ್ಲ. ಪೂರ್ತಿ ವಾಕ್ಯ ಮಾತಾಡುವಷ್ಟು ನಿಧಾನ ಓಡಿದ ಮಾತ್ರಕ್ಕೆ ಎಲ್ಲ ಮಾತೂ ಹೊರಗೆ ಬರುವುದಿಲ್ಲ ಅಂತ ಈಗ ಗೊತ್ತಾಯಿತು. ಮುಂದಿನ ವಾರ ಕಾಲೇಜಿನ ಆಹಾರ ತಜ್ಞರನ್ನು ಕರೆಸುತ್ತಿದ್ದೇವೆ, ಹುಡುಗರೂ ಕೂರುತ್ತಾರೆ. ಫೆರಿಟಿನ್ ಪರೀಕ್ಷೆಗೆ ನಾನು ನಾಳೆ ಹೋಗುತ್ತೇನೆ.

ಬೇಲೂರಿನವರಿಗೆ: ಶರತ್ಕಾಲದಲ್ಲಿ ಆಲ್ಪೈನ್‌ನವರು ಸಿಗುವುದು ಜಿಮ್‌ನಲ್ಲಿ, ಮತ್ತೆ ವ್ಯಾಕ್ಸ್ ರೂಮಿನಲ್ಲಿ. ಅಕ್ಟೋಬರ್ ಕೊನೆಯಿಂದ ವಾರಕ್ಕೊಂದು ಸಂಜೆ ಎಲ್ಲರೂ ಅಲ್ಲೇ. ಹೊಸ ಸ್ಕೀಗೆ ಇಸ್ತ್ರಿ ಪೆಟ್ಟಿಗೆಯಿಂದ ವ್ಯಾಕ್ಸ್ ಕರಗಿಸಿ ಹಚ್ಚುವುದು, ಆರಿದ ಮೇಲೆ ಕೆರೆಯುವುದು, ಬ್ರಷ್ ಮಾಡುವುದು, ಮತ್ತೆ ಹಚ್ಚುವುದು. ಒಂದು ಜೊತೆಗೆ ಹತ್ತು ಸಲವಾದರೂ ಆಗಬೇಕು. ನೆಲದ ತುಂಬ ಮೇಣದ ಪುಡಿ. ಮೊದಲು ಫ್ಲೋರಿನ್ ಇರುವ ವ್ಯಾಕ್ಸ್ ಇತ್ತು, ಹಿಮದಲ್ಲಿ ಬಹಳ ಜಾರುತ್ತಿತ್ತು, ಆದರೆ ಅದರ ರಾಸಾಯನಿಕ ಮಣ್ಣು ನೀರಿಗೆ ಸೇರಿದರೆ ಹೋಗುವುದೇ ಇಲ್ಲ. 2023–24ರ ಸೀಸನ್‌ನಿಂದ ಅಂತರರಾಷ್ಟ್ರೀಯ ರೇಸ್‌ಗಳಲ್ಲಿ ಅದಕ್ಕೆ ಪೂರ್ತಿ ನಿಷೇಧ. ನನಗೆ ಅದು ಸಂತೋಷದ ವಿಷಯ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಕುಡಿಯುತ್ತಿದ್ದವರು ನಮ್ಮಂಥವರೇ ಅಲ್ವಾ.

ಮಿನ್ನೆಸೋಟದ ಸರ್, ನಿಮ್ಮ ಮಗನ ಪ್ರಶ್ನೆಗೆ ನನ್ನ ಹತ್ತಿರವೂ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ವಿಷಯ ಹೇಳುತ್ತೇನೆ. ನಮ್ಮ ರಾಜ್ಯದ ಕ್ರಾಫ್ಟ್ಸ್‌ಬರಿ ಕೇಂದ್ರದಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದವರ ಜೊತೆ ಸೇರಿ 2018ರಲ್ಲಿ ಒಂದು ಪ್ರಯೋಗ ಮಾಡಿದರು. ಚಳಿಗಾಲದ ಹಿಮವನ್ನು ಸುಮಾರು 9,300 ಘನ ಮೀಟರ್‌ನ ರಾಶಿ ಮಾಡಿ, ಮೇಲೆ ಮರದ ಚಕ್ಕೆ ಮುಚ್ಚಿ, ಬೇಸಿಗೆ ಪೂರ್ತಿ ಇಟ್ಟರು. ಬೇಸಿಗೆ ಮುಗಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ನಮ್ಮ ಊರಲ್ಲಿ ಐಸ್ ಗಡ್ಡೆಯನ್ನು ಹೊಟ್ಟಿನಲ್ಲಿ ಮುಚ್ಚಿಡುತ್ತಾರಲ್ಲ, ಅದೇ ಲೆಕ್ಕ. ಆ ಹಿಮವನ್ನು ನವೆಂಬರ್‌ನಲ್ಲಿ ದಾರಿಯ ಮೇಲೆ ಹರಡುತ್ತಾರೆ. ಒಂದೆರಡು ಕಿಲೋಮೀಟರ್‌ನ ಸುತ್ತು. ಎರಡೂ ಕಡೆ ಬರೀ ಕೊಂಬೆಗಳ ಕಾಡು, ನಡುವೆ ಬಿಳಿ ಪಟ್ಟಿ. ಹೋದ ವರ್ಷ ಅದರ ಮೇಲೆ ಎರಡು ಗಂಟೆ ಸುತ್ತಿದಾಗ ಪ್ರತಿ ಸುತ್ತಿಗೂ ಖುಷಿ ಆಗುತ್ತಿತ್ತು.

ಜಯನಗರ ಓಟ · ಶುಕ್ರವಾರ ಬೆಳಿಗ್ಗೆ 8:00 (ಬೆಂಗಳೂರು)

ಇವತ್ತು ಲಾಲ್‌ಬಾಗ್‌ನಲ್ಲಿ ಮಾತಾಡುತ್ತಾ ಓಡಿದೆ. ಬಂಡೆಯ ಏರಿನಲ್ಲಿ ನಡೆದೆ. ದಿನಾ ಎದುರು ಸಿಗುವ ಹಿರಿಯರೊಬ್ಬರ ಜೊತೆ ಎರಡು ವರ್ಷದಲ್ಲಿ ಮೊದಲ ಸಲ ಮಾತಾಡಿದೆ. ಅವರು ಬಿಎಂಟಿಸಿಯಲ್ಲಿ ಡ್ರೈವರ್ ಆಗಿದ್ದವರಂತೆ. ಒಂದು ತಿಂಗಳು ಹೀಗೇ ಮಾಡಿ ಸಮಯ ಎಷ್ಟು ಬಂತು ಅಂತ ಇಲ್ಲೇ ಬರೆಯುತ್ತೇನೆ.

ಹಾಸನದಮ್ಮ · ಶುಕ್ರವಾರ ರಾತ್ರಿ 9:15

ನಿನ್ನೆ ಮಗನನ್ನು ಪಕ್ಕದಲ್ಲಿ ಕೂರಿಸಿ ಎಲ್ಲವನ್ನೂ ಓದಿ ಹೇಳಿದೆ. ಅವನಿಗೆ ಕನ್ನಡ ಓದಲು ನಿಧಾನ, ಕೇಳಿದರೆ ಅರ್ಥವಾಗುತ್ತದೆ. ಬಿಟ್ಟು ಬಂದ ಹುಡುಗಿಯ ಬರಹವನ್ನು ಎರಡು ಸಲ ಓದಿಸಿಕೊಂಡ. ಓದಿನ ವಿಷಯದಲ್ಲಿ ನನ್ನ ಚಿಂತೆ ಇನ್ನೂ ಪೂರ್ತಿ ಹೋಗಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಶನಿವಾರ ಹಳೆಯ ರೋಲರ್ ಸ್ಕೀ ನೋಡಲು ಹೋಗುತ್ತಿದ್ದೇವೆ. ಅವನ ಎತ್ತರ ಐದಡಿ ಏಳಂಗುಲ. ಕೋಲು ಎಷ್ಟುದ್ದ ಇರಬೇಕು?

ತುಂಗಾತೀರ · ಶುಕ್ರವಾರ ರಾತ್ರಿ 9:40

ಆಂಟಿ, ಐದಡಿ ಏಳಂಗುಲ ಅಂದರೆ 170 ಸೆಂಟಿಮೀಟರ್. ಕ್ಲಾಸಿಕ್‌ಗೆ (ಎರಡೂ ಸ್ಕೀ ನೇರ ಇಟ್ಟು ಹೋಗುವ ಬಗೆ) ಭುಜದ ಮಟ್ಟ, ಸುಮಾರು 140. ಸ್ಕೇಟಿಂಗ್‌ಗೆ (ಸ್ಕೀಯನ್ನು ಪಕ್ಕಕ್ಕೆ ತಳ್ಳುತ್ತಾ ಹೋಗುವ ಬಗೆ) ಗಲ್ಲದಿಂದ ತುಟಿಯ ನಡುವೆ, ಸುಮಾರು 150. ಮೊದಲಿಗೆ ಒಂದೇ ಜೊತೆ ಕೊಳ್ಳುವುದಾದರೆ ಕ್ಲಾಸಿಕ್ ಕೊಳ್ಳಿ. ಚಕ್ರ ನಿಧಾನದ್ದೇ ಇರಲಿ, ಅಂಗಡಿಯಲ್ಲಿ ಹಾಗೇ ಕೇಳಿ. ಹೆಲ್ಮೆಟ್ ಮಾತ್ರ ಹೊಸದು. ಕೋಲಿನ ತುದಿಯಲ್ಲಿ ಹಿಮದಲ್ಲಿ ಹೂತುಹೋಗದಂತೆ ತಡೆಯುವ ಬಿಲ್ಲೆ ಇದ್ದರೆ ಅದನ್ನು ತೆಗೆಸಿ ರಸ್ತೆಯ ಮೊನೆ ಹಾಕಿಸಿ.

ಭಾನುವಾರ ಪಾರ್ಕಿಂಗ್ ಜಾಗದಲ್ಲಿ ನಿಂತಾಗ ಅವನಿಗೆ ಏನಾದರೂ ಕೇಳಬೇಕು ಅನಿಸಿದರೆ ನನಗೆ ಫೋನ್ ಮಾಡಲಿ, ನಂಬರ್ ನಿಮಗೆ ಬೇರೆ ಕಳಿಸುತ್ತೇನೆ. ಹನ್ನೊಂದು ಗಂಟೆಯ ಮೇಲೆ ಆದರೆ ಒಳ್ಳೆಯದು. ಅಲ್ಲಿಯವರೆಗೆ ನಾವು ಗುಡ್ಡದ ಮೇಲೆ ಇರುತ್ತೇವೆ.